ನಡುಗೆರೆಯಿಂದಾಚೆಯ ಬೋಲ್ಟು

"ಅಲಾರಂ ಆಫ್ ಮಾಡು ಅಂತ ನಾನೇನು ನಿನ್ನ ಕಾಲಿಗೆ ಬಿದ್ದಿದ್ನಾ?"

ಬಾಗಿಲಿಗೆ ಅಡ್ಡವಾಗಿ ನಿಂತು ತಮ್ಮ ಕೂಗುತ್ತಿದ್ದ. ಅಣ್ಣ ಅವನಿಗೆ ಬೆನ್ನು ಹಾಕಿ ಚಹಾ ಸೋಸುತ್ತಿದ್ದ. ಅರ್ಧ ಲೋಟಕ್ಕೆ, ಅರ್ಧ ಕಟ್ಟೆಗೆ.

"ಮೊನ್ನೆ ರಾತ್ರಿಯೆಲ್ಲ ನೀನು ಹಲ್ಲು ಹಿಡ್ಕೊಂಡು ನರಳಿದೆ. ಆಗಷ್ಟೇ ಕಣ್ಣು ಹತ್ತಿತ್ತು. ಮಲಗಲಿ ಪಾಪ ಅಂದ್ಕೊಂಡೆ."

"ಪಾಪ ಅಂತೆ! ನಲವತ್ತಮೂರಾಯ್ತು ಕಣಣ್ಣ ನಂಗೆ. ಇನ್ನೂ ಜೋಲಿ ತೂಗ್ತೀಯಾ?"

ಇಬ್ಬರೂ ಇದ್ದದ್ದು ಒಂದೇ ಕೋಣೆಯಲ್ಲಿ, ದುಡಿಯುತ್ತಿದ್ದದ್ದು ಒಂದೇ ರನ್‌ವೇಯಲ್ಲಿ, ಧಣಿಗಳು ಮಾತ್ರ ಬೇರೆ. ರನ್‌ವೇ ವಾಯುಪಡೆಯದು. ಅದರ ಒಂದು ಅಂಚಿಗೆ ಊರಿನ ಸಣ್ಣ ವಿಮಾನ ನಿಲ್ದಾಣ ಅಂಟಿಕೊಂಡಿತ್ತು. ದಿನಕ್ಕೆ ನಾಲ್ಕು ವಿಮಾನ ಇಳಿದರೆ ಅದೇ ಹಬ್ಬ. ಬೆಳಿಗ್ಗೆ ಮೊದಲ ವಿಮಾನಕ್ಕೆ ಮುಂಚೆ ಆ ಉದ್ದವನ್ನೆಲ್ಲ ಯಾರಾದರೂ ನೆಲ ನೋಡುತ್ತ ನಡೆಯಲೇಬೇಕು. ಕಲ್ಲು, ತಂತಿ, ಬೋಲ್ಟು, ಏನೇ ಬಿದ್ದಿದ್ದರೂ ಇಂಜಿನ್ನು ಒಳಗೆಳೆದುಕೊಂಡರೆ ಮುಗಿಯಿತು. ಮೂಡಣದ ಅರ್ಧ ನಿಲ್ದಾಣದ ಕೆಲಸಗಾರನಾದ ಅಣ್ಣನದು, ಪಡುವಣದ ಅರ್ಧ ವಾಯುಪಡೆಯ ಕೆಲಸಗಾರನಾದ ತಮ್ಮನದು. ನಡುವೆ ಒಂದು ಬಿಳಿ ಗೆರೆ. ಎರಡು ತುದಿಯಿಂದ ಹೊರಟವರು ಗೆರೆಯ ಹತ್ತಿರ ಎದುರಾಗುತ್ತಿದ್ದರು.

"ಏನಾದ್ರೂ?"

"ಏನಿಲ್ಲ."

ಹನ್ನೊಂದು ವರ್ಷದಿಂದ ಇಷ್ಟೇ ಮಾತು. ಗೆರೆ ದಾಟಿ ಒಂದು ಹೆಜ್ಜೆ ಇಡುವಂತಿಲ್ಲ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದ ಅಣ್ಣನಿಗೆ, ದೂರದಲ್ಲಿ ಚುಕ್ಕಿಯಂತೆ ಕಂಡು ಹತ್ತಿರವಾಗುತ್ತ ಬರುವ ಆ ಕಿತ್ತಳೆ ಜಾಕೀಟು ಸಾಕಾಗಿತ್ತು.

ಹಿಂದಿನ ದಿನ ತಮ್ಮ ಮಲಗಿದ್ದಾಗ ಅಣ್ಣ ತನ್ನ ಅರ್ಧ ಮುಗಿಸಿ, ಸುಮ್ಮನೆ ಗೆರೆ ದಾಟಿ ಅವನ ಅರ್ಧವನ್ನೂ ನಡೆದುಬಿಟ್ಟ. ಇಬ್ಬರದೂ ಒಂದೇ ನಡಿಗೆ. ಗೋಪುರದ ಕಾವಲುಗಾರನಿಗೆ ವ್ಯತ್ಯಾಸ ತಿಳಿಯಲಿಲ್ಲ. ಇನ್ನೂರು ಹೆಜ್ಜೆ ಹೋದ ಮೇಲೆ ಹೆಬ್ಬೆರಳುದ್ದದ ಬೋಲ್ಟು ಸಿಕ್ಕಿತು. ಸಿಕ್ಕಿದ್ದನ್ನು ಸಿಕ್ಕಿದಲ್ಲೇ ಸಿಕ್ಕಿತೆಂದು ಬರೆಯಬೇಕು, ಅದು ಅವನ ರಕ್ತದಲ್ಲಿ ಇಳಿದಿತ್ತು. ಪುಸ್ತಕ ತೆಗೆದು ತನ್ನ ದುಂಡು ಅಕ್ಷರದಲ್ಲಿ ಬರೆದ: "ನಡುಗೆರೆಯಿಂದ ಪಡುವಣಕ್ಕೆ ಇನ್ನೂರು ಹೆಜ್ಜೆ." ಸಹಿ ಹಾಕಿದ ಮೇಲೆಯೇ ಹೊಳೆದದ್ದು, ಅಲ್ಲಿಗೆ ತಾನು ಹೋಗಿದ್ದೆನೆಂದರೆ ತಮ್ಮ ಹೋಗಿರಲಿಲ್ಲ ಎಂದು ತಾನೇ ಬರೆದುಕೊಟ್ಟಂತಾಯಿತು.

ಬೋಲ್ಟು ಯಾವುದರಿಂದ ಕಳಚಿತೆಂದು ನೋಡಲು ಒಂಬತ್ತಕ್ಕೆಲ್ಲ ಯುದ್ಧವಿಮಾನಗಳನ್ನು ನಿಲ್ಲಿಸಿದರು. ಆರರಲ್ಲಿ ಐದನ್ನು ಬಿಚ್ಚಿ ನೋಡಿದ್ದಾಗಿತ್ತು. ಇವತ್ತು ಹನ್ನೊಂದಕ್ಕೆ ವಿಚಾರಣೆ.

"ಈಗಲೂ ಕೆಟ್ಟಿಲ್ಲ," ತಮ್ಮ ದನಿ ತಗ್ಗಿಸಿದ. "ಮಂಜಿತ್ತು, ದಿಕ್ಕು ತಪ್ಪಿ ಬರೆದೆ, ಬೋಲ್ಟು ಮೂಡಣದ ಕಡೇನೇ ಬಿದ್ದಿತ್ತು ಅಂತ ಹೇಳು. ನಿನಗೊಂದು ಬೈಗುಳ, ಅಷ್ಟೇ. ಇಲ್ದಿದ್ರೆ ನನ್ನನ್ನ ಎಲ್ಲಿಗೋ ಎತ್ತಿ ಹಾಕ್ತಾರೆ."

"ಹಾಗಂದ್ರೆ ಬೋಲ್ಟು ನಮ್ಮ ಪ್ಯಾಸೆಂಜರ್ ವಿಮಾನದ್ದು ಅಂದ್ಕೋತಾರೆ. ಆಮೇಲೆ ಆರನೇದನ್ನ ಬಿಚ್ಚಿ ನೋಡ್ತಾರೇನೋ? ಹಾಗೇ ಹಾರಿಸ್ತಾರೆ."

"ಹಾರ್ಲಿ ಬಿಡು, ನಿಂಗೇನು?"

"ಅದರಲ್ಲಿ ಕೂರೋನು ಮನುಷ್ಯ ಅಲ್ವೇನೋ? ಕುಂಬಳಕಾಯಾ?"

"ನಿಂಗೆ ಊರೋರೆಲ್ಲ ಮನುಷ್ಯರು, ನಾನೊಬ್ಬ ಬಿಟ್ಟು!"

ಅಣ್ಣ ಲೋಟ ಕುಕ್ಕಿದ. "ಬಾಯಿ ಮುಚ್ಚು! ತಪ್ಪು ನಂದು, ನಾನೇ ಒಪ್ಕೋತೀನಿ. ಅಲಾರಂ ನಿಲ್ಲಿಸಿದ್ದು ನಾನೇ ಅಂತ ಹೇಳ್ತೀನಿ."

ತಮ್ಮನ ಮುಖ ಬಿಳಿಚಿಕೊಂಡಿತು. "ಅದೊಂದು ಮಾತ್ರ ಬೇಡ. ಅಣ್ಣ ಮಲಗಿಸಿದ, ಇವ್ನು ಮಲಗಿದ ಅಂತ ನಾನು ನಿವೃತ್ತಿ ಆಗೋವರೆಗೂ ಆಡ್ಕೋತಾರೆ. ಹುಷಾರಿರಲಿಲ್ಲ ಅಂತ ನಾನೇ ಹೇಳ್ಕೋತೀನಿ. ನೀನು ಅಲಾರಂ ಸುದ್ದಿ ಎತ್ತಬೇಡ. ಎತ್ತಿದ್ರೆ ನಾನಿಲ್ಲ ನಿಂಗೆ."

ವಿಚಾರಣೆಯ ಕೋಣೆ ಎರಡೂ ಕಡೆಯವರಿಗೆ ಸೇರಿದ್ದು. ನಿಲ್ದಾಣದ ಕಡೆಗೊಂದು ಬಾಗಿಲು, ವಾಯುಪಡೆಯ ಕಡೆಗೊಂದು. ಮೇಜಿನ ಹಿಂದೆ ಮೂವರು ಅಧಿಕಾರಿಗಳು. ಗೋಡೆಯ ಪಕ್ಕದ ಕುರ್ಚಿಯಲ್ಲಿ ತಮ್ಮ ಕೂತು ನೆಲ ನೋಡುತ್ತಿದ್ದ. ಬೋಲ್ಟು ಸಿಕ್ಕಿದ್ದೆಲ್ಲಿ ಎಂದು ಕೇಳಿದಾಗ ಅಣ್ಣ ಇದ್ದದ್ದನ್ನೇ ಹೇಳಿದ. ಒಬ್ಬ ಅಧಿಕಾರಿ ಕನ್ನಡಕ ತೆಗೆದು, "ಅಂದ್ರೆ ಇವನು ಸೋಮಾರಿ. ಕೆಲಸ ಬಿಟ್ಟು ಮಲಗಿದ್ದ," ಎಂದ.

ಅಣ್ಣನಿಗೆ ಪಿತ್ತ ನೆತ್ತಿಗೇರಿತು.

"ಸೋಮಾರಿ ಗೀಮಾರಿ ಅನ್ನಬೇಡಿ ಸಾರ್! ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ ಅವ್ನು. ಹಲ್ಲುನೋವಿತ್ತು, ಅಲಾರಂ ನಾನೇ ಆಫ್ ಮಾಡಿದೆ. ಕಂಬಳೀನೂ ನಾನೇ ಹೊದಿಸಿದೆ!"

ಬರೆದುಕೊಳ್ಳುತ್ತಿದ್ದ ಗುಮಾಸ್ತ ಕಿಸಕ್ಕೆಂದ. ನಗು ಮೇಜಿನಾಚೆಗೂ ಹಬ್ಬಿತು. "ಲಾಲಿ ಹಾಡಲಿಲ್ವೇನಯ್ಯ?" ಎಂದ ಒಬ್ಬ.

ತಮ್ಮ ಎದ್ದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ವಾಯುಪಡೆಯ ಕಡೆಯ ಬಾಗಿಲು ತಳ್ಳಿಕೊಂಡು ಹೊರಟುಹೋದ.

"ಪುಟ್ಟಾ, ನಿಲ್ಲೋ!" ಅಣ್ಣ ಹಿಂದೆಯೇ ಓಡಿದ. ಬಾಗಿಲಲ್ಲಿ ಸೈನಿಕ ಕೈ ಅಡ್ಡ ಹಿಡಿದ. ಆ ಕಡೆ ಹೋಗಲು ಅಣ್ಣನ ಹತ್ತಿರ ಪಾಸು ಇರಲಿಲ್ಲ. ಸೈನಿಕನ ತೋಳಿನ ಮೇಲಿಂದ ನೋಡಿದರೆ ಸಾಲು ಶೆಡ್ಡುಗಳು, ಅವುಗಳ ನಡುವೆ ತನ್ನದೇ ನಡಿಗೆಯಲ್ಲಿ ದೂರವಾಗುತ್ತಿದ್ದ ಬೆನ್ನು.

ಆರನೇ ವಿಮಾನದ ಹೊಟ್ಟೆಯಲ್ಲೇ ಆ ಬೋಲ್ಟಿನ ಜಾಗ ಖಾಲಿ ಇತ್ತಂತೆ. ಅದನ್ನು ಹೇಳಿದವನು ಮಾರನೆಯ ದಿನ ತಮ್ಮನ ಬಟ್ಟೆಬರೆ ಒಯ್ಯಲು ಬಂದ ಸೈನಿಕ. ವರ್ಗಾವಣೆ ಎಲ್ಲಿಗೆಂದು ಕೇಳಿದರೆ ಹೇಳುವಂತಿಲ್ಲ ಎಂದ. ಅಣ್ಣ ಅಂಗಿಗಳನ್ನು ಒಂದೊಂದಾಗಿ ಮಡಿಸಿ ಕೊಟ್ಟ. ಒಂದಕ್ಕೆ ಗುಂಡಿ ಇರಲಿಲ್ಲ. ಹೊಲಿದುಕೊಡುತ್ತೇನೆ, ಎರಡು ನಿಮಿಷ ಕೂರಪ್ಪ ಎಂದ. ಸೈನಿಕನಿಗೆ ಹೊತ್ತಾಗಿತ್ತು.