ಮೇಲಿನ ಅಗುಳಿ

ನಮ್ಮ ಮನೆಯ ಮುಂಬಾಗಿಲಿಗೆ ಎರಡು ಅಗುಳಿಗಳಿದ್ದವು, ಕೆಳಗೊಂದು, ಮೇಲೊಂದು. ಮೇಲಿನದು ಬಹುಕಾಲ ತುಕ್ಕು ಹಿಡಿದು ಕೂತಿತ್ತು. ಮಗ ಜಯಕರ ಮನೆ ಬಿಟ್ಟ ದಿನ ನಾನೇ ಅದಕ್ಕೆ ತೆಂಗಿನೆಣ್ಣೆ ಬಿಟ್ಟು, ಎಳೆದು ತಳ್ಳಿ ಸರಾಗ ಮಾಡಿದೆ. ಅಂದಿನಿಂದ ಮುಸ್ಸಂಜೆಯಾದರೆ ಸಾಕು, ಎರಡನ್ನೂ ಹಾಕುತ್ತಿದ್ದೆ.

ಆಗ ನಾನು ಊರಿನ ಕ್ರೈಸ್ತ ಸಭೆಯ ಹಿರಿಯ. ದೇವಾಲಯದ ಗಾಯನಮಂಡಳಿಯನ್ನು ನಡೆಸುವವನೂ ನಾನೇ. ನನ್ನ ಕೈ ಮೇಲೆದ್ದರೆ ನಲವತ್ತು ಬಾಯಿ ತೆರೆಯುತ್ತಿದ್ದವು, ಇಳಿದರೆ ಮುಚ್ಚುತ್ತಿದ್ದವು. ಮನೆಯೂ ಹಾಗೆಯೇ ನಡೆಯುತ್ತದೆಂದು ನಂಬಿದ್ದ ಪೆದ್ದ ನಾನು. ಮಂಡಳಿಯಲ್ಲಿ ಜಯಕರನಷ್ಟು ಒಳ್ಳೆಯ ಕಂಠ ಇನ್ನೊಂದಿರಲಿಲ್ಲ. ಅವನು ಮದುವೆಮನೆಗಳಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಸೇರಿದ್ದಾನೆಂದು ತಿಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

"ಕರ್ತನಿಗೆ ಹಾಡುವ ಬಾಯಲ್ಲಿ ಆ ಹೊಲಸು ಬೇಡ. ಅದೇ ಬೇಕಾದರೆ ಈ ಬಾಗಿಲು ನಿನಗಿಲ್ಲ," ಎಂದೆ.

ಅವನು ಒಮ್ಮೆ ತಾಯಿಯ ಮುಖ ನೋಡಿದ. ಎರಡು ಅಂಗಿಗಳನ್ನು ಚೀಲಕ್ಕೆ ತುರುಕಿಕೊಂಡು ಹೋದ.

ಮೂರು ವರ್ಷ ಕಳೆಯಿತು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹೊಸದಾಗಿ ಸೇರುವವರನ್ನು ಈಸ್ಟರ್‌ಗೆ ಮೊದಲು ಹಿರಿಯರು ಕೂರಿಸಿಕೊಂಡು ಪ್ರಶ್ನೆ ಕೇಳುವುದು ನಮ್ಮಲ್ಲಿ ರೂಢಿ. ಆ ವರ್ಷ ತಬಿತಾ ಎಂಬ ಹೆಂಗಸು ಬಂದಿದ್ದಳು. ನಲವತ್ತು ದಾಟಿದವಳು, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವವಳು. ಬೀಜದ ಎಣ್ಣೆಗೆ ಕಪ್ಪಾದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. ಕೆಲವು ತಿಂಗಳ ಹಿಂದಿನವರೆಗೂ ಸಾರಾಯಿ ಕುಡಿದು ಬೀದಿಯಲ್ಲಿ ಬೀಳುತ್ತಿದ್ದಳಂತೆ. ಪಾದ್ರಿಗಳು ಕೈಹಿಡಿದು ಎಬ್ಬಿಸಿ ಸಭೆಗೆ ತಂದಿದ್ದರು.

"ಕೃಪೆ ಅಂದರೇನು?" ಎಂದು ನಾನು ಕೇಳಿದೆ. ಸಭೆಯ ಪ್ರಶ್ನೋತ್ತರದ ಪುಸ್ತಕದಲ್ಲಿ ಅದಕ್ಕೆ ಎರಡು ಸಾಲಿನ ಉತ್ತರವಿತ್ತು.

"ನನಗೆ ಓದ್ಲಿಕ್ಕೆ ಬರುದಿಲ್ಲ ಅಯ್ಯ. ಹಾಡಿ ಹೇಳ್ಬಹುದಾ?" ಎಂದವಳು, ನಾನು ಹೂಂ ಎನ್ನುವ ಮೊದಲೇ ಶುರುಮಾಡಿಬಿಟ್ಟಳು.

"ದೀಪ ಆರಿದರೂ ಬಾಗಿಲು ಹಾಕೆನು, ದಾರಿ ಕಾಯುವೆ ನಾನು;
ಬಿದ್ದು ಎದ್ದು ತಡವಾಗಿ ಬಂದರೂ ನನ್ನವನೇ ನೀನು."

ಆ ಹಾಡು ಆಗ ಹೋಟೆಲು, ಬಸ್ಸು, ಕ್ಷೌರದಂಗಡಿ ಎಲ್ಲ ಕಡೆಯೂ ಕೇಳುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇದು ಸಿನಿಮಾ ಹಾಡು! ಹೆಂಡತಿ ಕುಡುಕ ಗಂಡನಿಗೆ ಹಾಡುವುದು. ದೇವರನ್ನೇ ಕುಡುಕ ಮಾಡಿಬಿಟ್ಟೆಯಲ್ಲ!"

"ಅಯ್ಯಯ್ಯೋ, ಅಲ್ಲ ಮಾರಾಯ್ರೆ!" ತಬಿತಾ ಗಾಬರಿಯಿಂದ ಕೈಯಾಡಿಸಿದಳು. "ಕುಡುಕಿ ನಾನಲ್ವಾ? ಬಾಗಿಲಲ್ಲಿ ಕೂತು ಹಾಡುದು ದೇವರು."

ಪಾದ್ರಿಗಳು ಕನ್ನಡಕ ತೆಗೆದು ಒರೆಸತೊಡಗಿದರು. ಅವಳ ಮಾತು ಸರಿಯೆಂದು ನನಗೂ ಅನಿಸಿತು, ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ.

"ಇದನ್ನೆಲ್ಲ ಎಲ್ಲಿ ಕಲಿತೆ?"

"ನಮ್ಮ ಓಣಿಯ ಮದುವೆಯಲ್ಲಿ, ಹೋದ ಕ್ರಿಸ್ಮಸ್ಸಿನ ಮರುದಿನ. ಆರ್ಕೆಸ್ಟ್ರಾದವರು ಬಂದಿದ್ರು. ಗುಂಗುರು ಕೂದಲಿನ ಹುಡುಗ, ಎಡಗೈಯಲ್ಲಿ ಮೈಕು ಹಿಡಿದು ಹಾಡಿದ. ಬಾಗಿಲು ಅನ್ನುವಲ್ಲಿ ಅವನ ಸ್ವರವೇ ನಿಂತುಹೋಯ್ತು. ಪಾಪ, ಅಷ್ಟು ಜನರ ಎದುರು ಅತ್ತುಬಿಟ್ಟ. ಆವತ್ತಿನಿಂದ ನಾನು ಕುಡಿಲಿಲ್ಲ ಅಯ್ಯ."

ಪಾದ್ರಿಗಳು ನನ್ನ ಕಡೆ ನೋಡಿದರು. ಎಡಚನಾದ ಆ ಗುಂಗುರು ಕೂದಲಿನವನು ಯಾರೆಂದು ಅವರಿಗೂ ಗೊತ್ತಿತ್ತು. ನಾನು ತಲೆ ತಗ್ಗಿಸಿ ತಬಿತಾಳ ಹೆಸರಿನ ಮುಂದೆ 'ಸಿದ್ಧಳಾಗಿಲ್ಲ' ಎಂದು ಬರೆದು, ಹಾಗೆಯೇ ಓದಿ ಹೇಳಿದೆ. ಅವಳು ಎದ್ದು, ನಮಗೆಲ್ಲ ಕೈಮುಗಿದು ಹೋದಳು. ಆ ಒಂದು ಪದವನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮನೆಗೆ ಬಂದು ಹೆಂಡತಿ ಹನ್ನಾಳಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಕ್ರಿಸ್ಮಸ್ಸಿನ ಮರುದಿನವಾ?" ಎಂದಳು. "ಹಿಂದಿನ ಸಂಜೆ ನಮ್ಮ ಬಾಗಿಲು ತಟ್ಟಿದ್ದು ಯಾರು?"

ನಾನು ಬಾಗಿಲಿನ ಕಡೆ ನೋಡಿದೆ.

"ಚಂದಾ ಕೇಳುವವರು, ಸುಮ್ಮನೆ ಊಟ ಮಾಡು ಅಂದ್ರಿ. ನಾನು ಎದ್ದು ಹೋದೆ. ಕೆಳಗಿನದನ್ನು ತೆಗೆದೆ. ಮೇಲಿನದು ನನಗೆ ಎಟುಕ್ಲಿಲ್ಲ. ಸ್ಟೂಲು ತರುವಷ್ಟರಲ್ಲಿ ಅಂಗಳದಲ್ಲಿ ಯಾರೂ ಇರ್ಲಿಲ್ಲ. ನಿಜ ಹೇಳಿ, ಅವನೇ ಅಂತ ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ಮೆಲ್ಲಗೆ ಮೂರು ಸಲ, ಜೋರಾಗಿ ಒಂದು ಸಲ; ಶಾಲೆಗೆ ಹೋಗುವ ಕಾಲದಿಂದಲೂ ಜಯಕರ ತಟ್ಟುತ್ತಿದ್ದದ್ದು ಹಾಗೆಯೇ. ನಾನು ಕೇಳಿಸಿಕೊಂಡು ಅನ್ನಕ್ಕೆ ಸಾರು ಕಲಸಿದ್ದೆ. ಹನ್ನಾಳಿಗೆ ಹಾಗೆಯೇ ಹೇಳಿದೆ. ಅವಳು ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಮುಂದಿನ ಭಾನುವಾರ ನಾನು ಸಭೆಯೆದುರು ನಿಂತು, ತಬಿತಾಳ ಉತ್ತರ ಸರಿ, ತಪ್ಪು ನನ್ನದು ಎಂದೆ. ಈಸ್ಟರ್ ದಿನ ಅವಳು ಆ ಕಪ್ಪು ಕೈಗಳನ್ನು ಚಾಚಿ ರೊಟ್ಟಿ ತೆಗೆದುಕೊಂಡಳು. ನಾನು ಹಿಂದಿನ ಬೆಂಚಿನಿಂದ ಏಳಲಿಲ್ಲ. ಮಗನ ಜೊತೆ ರಾಜಿಯಾಗದೆ ಆ ಭೋಜನದ ಮೇಜಿನ ಬಳಿ ಹೋಗುವ ಮುಖ ನನಗಿರಲಿಲ್ಲ. ಆರ್ಕೆಸ್ಟ್ರಾದವರನ್ನು ಹುಡುಕಿಕೊಂಡು ಹೋದೆ. ಜಯಕರ ಅವರನ್ನು ಬಿಟ್ಟು ಯಾವುದೋ ಊರಿಗೆ ಹೋಗಿದ್ದಾನೆ ಎಂದರು. ಎಷ್ಟೋ ಊರು ತಿರುಗಿದೆ, ಕಾಗದ ಬರೆದೆ. ಸುದ್ದಿಯಿಲ್ಲ.

ಮೇಲಿನ ಅಗುಳಿಯನ್ನು ಕಿತ್ತುಹಾಕಿ ವರ್ಷಗಳಾದವು. ಮೊಳೆಯ ನಾಲ್ಕು ತೂತುಗಳು ಮರದಲ್ಲಿ ಹಾಗೆಯೇ ಇವೆ. ಸಂಜೆಯ ಬಸ್ಸು ಬರುವ ಹೊತ್ತಿಗೆ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಕೂರುತ್ತೇನೆ. ತಬಿತಾ ಹೇಳಿಕೊಟ್ಟ ಆ ಹಾಡನ್ನು ಹಾಡುತ್ತೇನೆ. ದಾರಿಹೋಕರು, ಹಿರಿಯರಿಗೆ ಈ ವಯಸ್ಸಿನಲ್ಲಿ ಸಿನಿಮಾ ಹುಚ್ಚು ಎಂದು ನಗುತ್ತಾರೆ. ನಗಲಿ.

ನಿನ್ನೆ ಮೆಲ್ಲಗೆ ಹಾಡುತ್ತಿದ್ದೆ. ಹನ್ನಾ ಬಂದು ಪಕ್ಕದಲ್ಲಿ ಕೂತಳು.

"ಇನ್ನೂ ಸ್ವಲ್ಪ ಜೋರಾಗಿ ಹಾಡಿ," ಎಂದಳು. "ಬಸ್ ಸ್ಟ್ಯಾಂಡಿನ ತನಕ ಕೇಳ್ಬೇಕು."