ಹೊಡೆದ ಸಾಲು

ಓಬಮ್ಮನ ಹೇಳಿಕೆಯಿಂದ ಒಂದು ಸಾಲನ್ನು ತೆಗೆದರು. ಅವಳು ಹೇಳಿ ಬರೆಸಿದ್ದು ಒಂಬತ್ತು ಸಾಲು. ಅಚ್ಚಾಗಿ ಬಂದದ್ದು ಎಂಟು. ಎಂಟರ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. 1988ರ ಮಾರ್ಚಿ ತಿಂಗಳ ಒಂದು ಗುರುವಾರ, ಕಡೂರಿನಲ್ಲಿ.

ಅಜ್ಜಂಪುರ ದಾಟಿ ಬುಕ್ಕಾಂಬುಧಿ ಕಡೆಗೆ ಹೋಗುವ ರಸ್ತೆಯಲ್ಲಿ ದೇವೀರಪ್ಪನವರ ಅಕ್ಕಿ ಮಿಲ್ಲು. ಅಲ್ಲಿ ಭತ್ತ ಬೇಯಿಸುವ ಬಾಯ್ಲರು ಸಿಡಿದು ಮೂವರು ಸತ್ತಿದ್ದರು. ಬೆಂಕಿ ಹಾಕುತ್ತಿದ್ದ ಕರಿಸಿದ್ದಪ್ಪ ಅವರಲ್ಲೊಬ್ಬ; ಓಬಮ್ಮ ಅವನ ಹೆಂಡತಿ, ಅದೇ ಮಿಲ್ಲಿನಲ್ಲಿ ಭತ್ತ ಹರವುವ ಆಳು. ಸತ್ತವರ ಕಡೆಯವರ ಹೇಳಿಕೆ ಬರೆದುಕೊಳ್ಳುತ್ತಿದ್ದದ್ದು ಕಡೂರಿನ ಒಂದು ಬಾಡಿಗೆ ಮಹಡಿಯಲ್ಲಿ ಮೊದಲಿಂದಲೂ ಇದ್ದ ಅಪಘಾತ ವಿಚಾರಣೆಯ ಕಚೇರಿ. ಅದರ ಮುಖ್ಯಸ್ಥರು ಶಿವಮೂರ್ತಪ್ಪ. ಕಡತವೆಲ್ಲ ಇನ್ನು ಕಂಪ್ಯೂಟರಿನಲ್ಲೇ ಎಂದು ಮೇಲಿನಿಂದ ಅಪ್ಪಣೆಯಾಗಿ, ಆ ಮಹಡಿಗೆ ಒಂದು ದೊಡ್ಡ ಯಂತ್ರವೂ ಅದಕ್ಕೆ ತಗುಲಿಸಿದ, ಕನ್ನಡ ಅಕ್ಷರ ಮೂಡಿಸುವ ಮೂರು ಟರ್ಮಿನಲ್ಲುಗಳೂ ಬಂದು ಆರು ತಿಂಗಳಾಗಿತ್ತು. ಅದರ ಜೊತೆಗೇ ತರೀಕೆರೆಯಿಂದ ಬಂದವಳು ಜಹೀರುನ್ನೀಸಾ. ದರ್ಜಿ ದಾವೂದ್ ಸಾಬರ ಮಗಳು, ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವಳು, ಇನ್ನೂ ಕಾಯಂ ಆಗದವಳು.

ಯಂತ್ರದ ಜೊತೆ ಬಂದಿದ್ದ ಬರೆಯುವ ಪ್ರೋಗ್ರಾಮು ಈ ಕಚೇರಿಯವರ ಪಾಲಿಗೆ ಹುಲಿಯಾಗಿತ್ತು. ಎಲ್ಲ ಇಂಗ್ಲಿಷು, ಒಂದು ಅಕ್ಷರ ಒತ್ತಿದರೆ ಅದು ಬರಹವೋ ಆಜ್ಞೆಯೋ ಯಾರಿಗೂ ತಿಳಿಯುತ್ತಿರಲಿಲ್ಲ. ಗುಮಾಸ್ತ ಓಂಕಾರಮೂರ್ತಿ ಒಂದೇ ಕೀಲಿಯಲ್ಲಿ ಇಡೀ ಪುಟ ಮಾಯ ಮಾಡಿ ಪರದೆಗೆ ಕೈ ಮುಗಿದು ನಿಂತಿದ್ದ. ಇಪ್ಪತ್ತಾರು ವರ್ಷ ಟೈಪ್‌ರೈಟರ್ ಬಡಿದ ಗುರುಶಾಂತಮ್ಮ ಒಂದು ವಾರ ಅದರ ಮುಂದೆ ಕೂತು, ಎಂಟನೆಯ ದಿನ ಸೀದಾ ರಜೆ ಚೀಟಿ ಬರೆದಿದ್ದರು.

ಜಹೀರುನ್ನೀಸಾ ಒಂದು ತಿಂಗಳು ಏನೂ ಬರೆಯಲಿಲ್ಲ. ರಜೆ ಮುಗಿಸಿ ಮತ್ತೆ ಟೈಪ್‌ರೈಟರಿಗೇ ಮರಳಿದ ಗುರುಶಾಂತಮ್ಮನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಅವರ ಬೆರಳುಗಳನ್ನು ನೋಡುತ್ತ ಕೂತಳು. ಸಾಲಿನ ತುದಿ ಹತ್ತಿರವಾದಾಗ ಆ ಬೆರಳುಗಳು ಗಂಟೆಯ ಸದ್ದಿಗೆ ಕಾಯುತ್ತವೆ ಎಂದು ಕಂಡುಕೊಂಡಳು. ಆಮೇಲೆ ತಾನೇ ಒಂದು ಹೊಸ ಪ್ರೋಗ್ರಾಮು ಬರೆದು, ಅದರಲ್ಲಿ ತುದಿಗೆ ಆರು ಅಕ್ಷರ ಮೊದಲೇ ಯಂತ್ರ ಕೂಗುವಂತೆ ಮಾಡಿದಳು. ಕಲಿಯಬೇಕಾದದ್ದು ಏಳೇ ಕೀಲಿ. ಪರದೆಯ ತಳದಲ್ಲಿ ಯಾವಾಗಲೂ ಒಂದು ಕನ್ನಡ ಸಾಲು: ಈಗ ಇಂಥದ್ದು ಮಾಡಬಹುದು, ಬೇಡವಾದರೆ ಹೀಗೆ ಹಿಂದಕ್ಕೆ ಬರಬಹುದು. ಶುರುವಿನಲ್ಲಿ ಹೆಸರು ಕೇಳುತ್ತಿತ್ತು, ಕೊನೆಯಲ್ಲಿ ಮುಗಿಸಲೇ ಎಂದು ಕೇಳುತ್ತಿತ್ತು. ಹೆದರಿಸುವ ಮಾತು ಒಂದೂ ಇರಲಿಲ್ಲ. ಅದಕ್ಕೆ ಕಚೇರಿಯವರು ಹಲಗೆ ಎಂದು ಹೆಸರಿಟ್ಟರು.

ಎಲ್ಲ ಒಪ್ಪಿದ ಮೇಲೂ ಗುರುಶಾಂತಮ್ಮ ಒಂದು ವಿಷಯಕ್ಕೆ ಪಟ್ಟು ಹಿಡಿದಿದ್ದರು. ಹೇಳಿಕೆಯ ಕಾಗದದಲ್ಲಿ ತಪ್ಪು ಬಿದ್ದರೆ ಕೆರೆದು ಅಳಿಸುವುದು ಕಚೇರಿಯ ಪದ್ಧತಿಯಲ್ಲ. ಮೇಲೆ ಒಂದು ಗೆರೆ ಹೊಡೆಯಬೇಕು, ಗೆರೆಯ ಕೆಳಗಿನ ಮಾತು ಓದಲು ಬರಬೇಕು, ಪಕ್ಕದಲ್ಲಿ ಹೊಡೆದವರು ಚಿಕ್ಕ ಸಹಿ ಹಾಕಬೇಕು.

"ನಿನ್ ಹಲಗೇಲಿ ಅಳಿಸಿದ್ರೆ ಅದು ಎಲ್ಲಿಗ್ ಹೋಯ್ತು ಹೇಳೇ?" ಎಂದಿದ್ದರು. "ಆಡಿದ್ ಮಾತು ಕಣೇ ಅದು. ಗಾಳಿಗ್ ಹೋಗ್ಬಾರ್ದು."

ಆ ಮಾತು ಜಹೀರುನ್ನೀಸಾಳಿಗೆ ಹಿಡಿಸಿತು. ಅಳಿಸಿದ ಸಾಲು ಪರದೆಯಿಂದ ಮರೆಯಾಗಿ ಪುಟ ಚೊಕ್ಕವಾಗುತ್ತಿತ್ತು. ಆದರೆ ಯಂತ್ರದೊಳಗೆ 'ಹೊಡೆದದ್ದು' ಎಂಬ ಬೇರೊಂದು ಪಟ್ಟಿಗೆ ಹೋಗಿ, ದಿನ, ಗಂಟೆ, ಟರ್ಮಿನಲ್ಲಿನ ಸಂಖ್ಯೆಯ ಸಮೇತ ಕೂರುತ್ತಿತ್ತು. ಹೊಡೆದವರ ಸಹಿ ಎಂದು ಕೇಳುವ ಒಂದು ಜಾಗವನ್ನೂ ಇಟ್ಟಳು. ಖಾಲಿ ಬಿಟ್ಟರೂ ನಡೆಯುತ್ತಿತ್ತು. ಆ ಪಟ್ಟಿಯನ್ನು ತೆಗೆದು ನೋಡುವುದನ್ನು ಗುರುಶಾಂತಮ್ಮನಿಗೂ ಓಂಕಾರಮೂರ್ತಿಗೂ ಮಾತ್ರ ತೋರಿಸಿಕೊಟ್ಟಳು. ಬೇರೆ ಯಾರಿಗೂ ಅದರ ಅಗತ್ಯ ಇರಲಿಲ್ಲ.

ಆ ಗುರುವಾರ ಓಬಮ್ಮ, ಸೋಮವಾರ ಬರೆಸಿ ಹೋಗಿದ್ದ ಹೇಳಿಕೆಗೆ ಹೆಬ್ಬೆಟ್ಟು ಒತ್ತಲು, ಬೆಳಗಿನ ಬಸ್ಸಿಗೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಮೊದಲು ಹೆಬ್ಬೆಟ್ಟು, ಆಮೇಲೆ ಓದಿ ಹೇಳುವುದು. ಅಕ್ಷರ ಬಾರದವರ ವಿಷಯದಲ್ಲಿ ಎಲ್ಲ ಕಚೇರಿಗಳೂ ನಡೆಸಿಕೊಂಡು ಬಂದ ರೀತಿ ಅದು. ಓಂಕಾರಮೂರ್ತಿ ಬೆರಳು ಒತ್ತಿಸಿಕೊಂಡು ಓದತೊಡಗಿದ. ಆ ದಿನ ಬೆಂಕಿ ಹಾಕುತ್ತಿದ್ದವನು ನನ್ನ ಗಂಡ. ಬಾಯ್ಲರಿನ ಬಾಗಿಲು ತೆಗೆದು ಮುಚ್ಚುತ್ತಿದ್ದವನೂ ಅವನೇ. ಹೀಗೆ ಎಂಟು ಸಾಲು. ಓಬಮ್ಮ ಶಾಯಿಯ ಬೆರಳನ್ನು ಮೈಗೆ ತಾಗದಂತೆ ಎತ್ತಿ ಹಿಡಿದುಕೊಂಡು ಕೇಳಿಸಿಕೊಂಡಳು.

"ಅಯ್ಯಾ, ನಡೂಕೆ ಒಂದ್ ಮಾತು ಬಿಟ್ರಿ," ಎಂದಳು.

ಇನ್ನೊಮ್ಮೆ ಓದಿದ. ಇನ್ನೊಮ್ಮೆಯೂ ಎಂಟೇ.

"ಹಬೆ ಬಿಡೋ ಕವಾಟ ಕಚ್ಕೊಂಡೈತೆ, ಒಲೆ ಆರಿಸ್ತೀವಿ ಅಂತ ಮೂರ್ ದಿನ ಮುಂಚೇನೇ ಧಣಿಗೆ ಹೇಳಿದ್ವಿ. ಸುಗ್ಗಿ ಮುಗೀಲಿ ಅಂದ್ರು. ಅದಿಲ್ಲ ಇದ್ರಾಗೆ. ಅದಿಲ್ಲದಿದ್ರೆ ನನ್ ಗಂಡನೇ ಕೊಂದಂಗಾಯ್ತಲ್ಲಯ್ಯಾ ಎಲ್ರುನೂ."

ಒಳಗಿನ ಕೋಣೆಯಿಂದ ಶಿವಮೂರ್ತಪ್ಪನವರು ಎದ್ದು ಬಂದರು. ಮೆತ್ತಗೆ, ಮನೆಯ ಹಿರಿಯರಂತೆ, ದುಃಖದಲ್ಲಿ ಹೇಳಿದ್ದು ಹೇಳದ್ದು ಗೊತ್ತಾಗುವುದಿಲ್ಲ ತಾಯಿ ಎಂದು ಸಮಾಧಾನ ಹೇಳಿದರು. ಯಂತ್ರ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ ಎಂದರು. ಅಕಸ್ಮಾತ್ ಟೈಪು ಮಾಡುವವರು ಒಂದು ಸಾಲು ಹಾರಿಸಿದ್ದರೆ ಅದನ್ನೂ ವಿಚಾರಿಸೋಣ ಎಂದು ಹೇಳುವಾಗ ಅವರ ಕಣ್ಣು ಗುರುಶಾಂತಮ್ಮನ ಮೇಲಿತ್ತು. ಗುರುಶಾಂತಮ್ಮ ತಲೆ ಎತ್ತಲಿಲ್ಲ. ಓಬಮ್ಮ ಹೋಗುವಾಗ ಬಾಗಿಲ ಚೌಕಟ್ಟಿಗೆ ಕೈ ಊರಿದಳು. ಬಿಳಿ ಬಣ್ಣದ ಮೇಲೆ ಅವಳ ಬೆರಳು ಕಪ್ಪಗೆ ಮೂಡಿತು.

ಊಟದ ಹೊತ್ತಿನಲ್ಲಿ ಮಹಡಿ ಖಾಲಿಯಾದಾಗ ಜಹೀರುನ್ನೀಸಾ 'ಹೊಡೆದದ್ದು' ಪಟ್ಟಿ ತೆಗೆದಳು. ಸಾಲು ಅಲ್ಲಿತ್ತು. ಬುಧವಾರ ಸಂಜೆ ಐದು ಗಂಟೆ ನಲವತ್ತು ನಿಮಿಷ, ಮೂರನೇ ಟರ್ಮಿನಲ್ಲು. ಬರೆಯುವವರ ಹೆಸರಿನ ಜಾಗದಲ್ಲಿ ಗುರುಶಾಂತಮ್ಮ ಎಂದಿತ್ತು. ಗುರುಶಾಂತಮ್ಮ ಐದಕ್ಕೆ ಸರಿಯಾಗಿ ಸಖರಾಯಪಟ್ಟಣದ ಬಸ್ಸು ಹತ್ತುವವರು, ಅದು ಊರಿಗೆಲ್ಲ ಗೊತ್ತು. ಹೊಡೆದವರ ಸಹಿ ಎಂಬಲ್ಲಿ ಎರಡು ಅಕ್ಷರ: ಶಿ.ಮೂ.

ಹೆಸರು ಸುಳ್ಳು ಕೊಟ್ಟ ಮನುಷ್ಯ ಸಹಿಯನ್ನು ಖಾಲಿ ಬಿಡಬಹುದಿತ್ತು. ಮೂವತ್ತು ವರ್ಷ ಕಡತ ತಿದ್ದಿದ ಕೈ; ಹೊಡೆದ ಸಾಲಿಗೆ ಚಿಕ್ಕ ಸಹಿ ಹಾಕದೆ ಮುಂದೆ ಹೋಗುವುದು ಆ ಕೈಗೆ ಗೊತ್ತೇ ಇರಲಿಲ್ಲ.

ಮಂಗಳವಾರ ಶಿವಮೂರ್ತಪ್ಪನವರೇ ಬಂದು ಜಹೀರುನ್ನೀಸಾಳ ಪಕ್ಕ ಕೂತಿದ್ದರು. ನಮ್ಮಂಥ ಹಳಬರಿಗೂ ಬರುತ್ತೇನಮ್ಮಾ ಇದು ಎಂದು ನಕ್ಕಿದ್ದರು. ಅರ್ಧ ಗಂಟೆಯಲ್ಲಿ ಏಳೂ ಕೀಲಿ ಕಲಿತಿದ್ದರು, ಅವಳು ಹೆಮ್ಮೆಪಟ್ಟಿದ್ದಳು. ಹಳೆಯ ಪ್ರೋಗ್ರಾಮಿನಲ್ಲಿ ಈ ಮನುಷ್ಯನಿಗೆ ಒಂದು ಅಕ್ಷರ ಅಲುಗಿಸಲೂ ಆಗುತ್ತಿರಲಿಲ್ಲ. ಏನೂ ತಿಳಿಯದವರಿಗೆಂದು ಅವಳು ಹಾಸಿದ ದಾರಿಯಲ್ಲಿ ಎಲ್ಲ ತಿಳಿದವನು ಚಪ್ಪಲಿ ಬಿಟ್ಟು ಮೆಲ್ಲಗೆ ನಡೆದುಹೋಗಿದ್ದ.

ಊಟ ಮುಗಿಸಿ ಬಂದ ಗುರುಶಾಂತಮ್ಮನಿಗೆ ತೋರಿಸಿದಳು. ಅವರು ಓದಿ, ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು.

"ನೋಡ್ಲಿಲ್ಲ ಅನ್ಕೊಂಬಿಡೇ," ಎಂದರು. "ನಿಂದು ಕಾಯಂ ಆರ್ಡರ್ ಬಂದಿಲ್ಲ. ನಂದು ಇನ್ನು ನಾಕೇ ವರ್ಷ ಸರ್ವಿಸ್ ಐತೆ."

"ತಪ್ಪು ನಿಮ್ ತಲೆಗೇ ಕಟ್ತಾರಲ್ಲ ಅಮ್ಮಾ."

"ಕಟ್ಲಿ. ತಲೆ ಉಳಿಯುತ್ತಲ್ಲ."

ಓಂಕಾರಮೂರ್ತಿ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದನ್ನು ಇಬ್ಬರೂ ಆಮೇಲೆ ಗಮನಿಸಿದರು. ಅವನು ಸೀದಾ ಒಳಗೆ ಶಿವಮೂರ್ತಪ್ಪನವರ ಕೋಣೆಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಒಳಗೆ ಫೋನು ತಿರುಗಿಸುವ ಸದ್ದು ಕೇಳಿಸಿತು.

ಶುಕ್ರವಾರ ತರೀಕೆರೆಯಲ್ಲಿ ದಾವೂದ್ ಸಾಬರ ಅಂಗಡಿಗೆ ಒಬ್ಬ ಗಿರಾಕಿ ಬಂದ. ಅಳತೆ ಕೊಟ್ಟ, ಬಟ್ಟೆ ಕೊಡಲಿಲ್ಲ. ಎದೆಯಳತೆ ತೆಗೆಯುತ್ತಿದ್ದ ಸಾಬರಿಗೆ, ನಿಮ್ಮ ಮಗಳು ದಿನಾ ಕಡೂರಿಗೆ ಒಬ್ಬರೇ ಓಡಾಡುತ್ತಾರಲ್ಲ, ಎಂಟೂ ಕಾಲಿನ ಬಸ್ಸು, ಮುಂದಿನ ಬಾಗಿಲ ಹತ್ತಿರದ ಸೀಟು ಅಲ್ಲವೇ ಎಂದು ವಿಚಾರಿಸಿದ. ಅಂಗಿ ಯಾವಾಗ ಬೇಕು ಎಂದು ಸಾಬರು ಕೇಳಿದ್ದಕ್ಕೆ, ಅವಸರವಿಲ್ಲ, ಶನಿವಾರ ನೋಡಿಕೊಂಡು ಹೇಳುತ್ತೇನೆ ಎಂದು ಹೊರಟುಹೋದ. ಮನೆಗೆ ಬಂದ ಸಾಬರು ಊಟಕ್ಕೆ ಕೂತವರು ತುತ್ತು ಎತ್ತಲಿಲ್ಲ. ಮಗಳು ಕಚೇರಿಯಲ್ಲಿ ನಡೆದದ್ದನ್ನು ಹೇಳಿದ ಮೇಲೆ, ಅದೆಂಥ ಸಾಲು ಎಂದು ಕೇಳಿದರು. ಅವಳು ಓಬಮ್ಮನ ಮಾತನ್ನು ತಮ್ಮ ಮನೆಯ ಉರ್ದುವಿನಲ್ಲೇ ಹೇಳಿದಳು. ಅವರು ನಾಳೆ ಹೋಗಬೇಡ ಎಂದರು. ಬೆಳಿಗ್ಗೆ ಬಸ್ ನಿಲ್ದಾಣದವರೆಗೆ ತಾವೇ ಜೊತೆಗೆ ಬಂದರು.

ಶನಿವಾರ ಕಚೇರಿಯ ಕೆಳಗೆ ಬಿಳಿ ಅಂಬಾಸಡರು ನಿಂತಿತ್ತು. ಒಳಕೋಣೆಯಲ್ಲಿ ದೇವೀರಪ್ಪನವರು ಕಾಲು ಚಾಚಿ ಕೂತು ತಟ್ಟೆಗೆ ಚಹಾ ಸುರಿದುಕೊಳ್ಳುತ್ತಿದ್ದರು. ಮೂರನೇ ಟರ್ಮಿನಲ್ಲೂ ಅಲ್ಲಿಗೇ ಬಂದಿತ್ತು. ಮೇಜಿನ ಮೇಲೆ ಒಂದು ಕಾಗದ, ಅವಳ ಕಾಯಂ ಆರ್ಡರು; ಸಹಿಯ ಜಾಗ ಮಾತ್ರ ಖಾಲಿ.

ಶಿವಮೂರ್ತಪ್ಪನವರು ಸುತ್ತಿ ಬಳಸಿ ಮಾತಾಡಿದರು. ಹಲಗೆಯನ್ನು ಮೇಲಿನವರು ಬಹಳ ಮೆಚ್ಚಿದ್ದಾರೆ, ಬೇರೆ ಕಚೇರಿಗಳಿಗೂ ಹಾಕಿಸುತ್ತಾರೆ. ಒಂದೇ ಕೊರತೆ: ಅಳಿಸಿದ್ದು ಅಳಿಸಿದಂತೆ ಆಗದೆ ಹೊಸಬರಿಗೆ ಗೊಂದಲವಾಗುತ್ತದೆ. ಆ ಪಟ್ಟಿಯನ್ನು ಬುಡಸಮೇತ ತೆಗೆಯಬೇಕು, ಹಳೆಯದೂ ಉಳಿಯಬಾರದು. ಸೋಮವಾರ ಯಂತ್ರದೊಳಗಿನ ಕಡತವೆಲ್ಲ, ಆ ಪಟ್ಟಿಯ ಸಮೇತ, ಟೇಪಿನಲ್ಲಿ ಮೇಲಿನ ಕಚೇರಿಗೆ ಹೋಗುತ್ತದೆ, ಅಷ್ಟರೊಳಗೆ ಆಗಬೇಕು. ಟೈಪಿಸ್ಟು ಮುದುಕಿಗೂ ತೊಂದರೆಯಾಗದಂತೆ ನೋಡಿಕೊಳ್ಳುತ್ತಾರೆ.

"ಒಂದ್ ಸಾಲಮ್ಮಾ," ಎಂದರು ದೇವೀರಪ್ಪನವರು, ತಟ್ಟೆ ಕೆಳಗಿಡುತ್ತ. "ಸತ್ತೋರೇನ್ ಎದ್ ಬತ್ತಾರಾ? ನಿಮ್ಮಪ್ಪ ಒಳ್ಳೇ ಕೆಲಸಗಾರ ಅಂತ ಕೇಳಿದೀನಿ. ಅಂಗಡಿ ಬಸ್‌ಸ್ಟ್ಯಾಂಡ್ ಹತ್ರಾನೇ ಅಲ್ವಾ?"

ಅವಳು ಟರ್ಮಿನಲ್ಲಿನ ಮುಂದೆ ಕೂತಳು. ಅವರಿಬ್ಬರೂ ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಹೆಸರು ಒತ್ತಿ ಪಟ್ಟಿ ತೆಗೆದಳು. ಹಸಿರು ಅಕ್ಷರಗಳಲ್ಲಿ ಓಬಮ್ಮನ ಮಾತು ಪರದೆಗೆ ಬಂತು. ಕವಾಟ ಕಚ್ಚಿಕೊಂಡಿದೆ, ಒಲೆ ಆರಿಸುತ್ತೇವೆ. ಇದು ಹೋದರೆ ಮೂರು ಹೆಣಗಳ ಭಾರವನ್ನೂ ಸತ್ತವನೊಬ್ಬ ಹೊರಬೇಕು, ಅವನ ಹೆಂಡತಿ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಅವಳು ಅದನ್ನು ಒಮ್ಮೆ ಓದಿದಳು. ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

"ನಂಗಾಗಲ್ಲ ಸಾರ್."

"ಆಗಲ್ಲ ಅಂದ್ರೆ? ಬರಲ್ವಾ?"

"ಬರುತ್ತೆ. ಮಾಡಲ್ಲ."

ಶಿವಮೂರ್ತಪ್ಪನವರ ಮುಖದಿಂದ ಹಿರಿಯರ ಕಳೆ ಇಳಿಯಿತು. ಬೇರೆಯವರ ಕೈಯಲ್ಲಿ ಮಾಡಿಸುವುದು ತಮಗೆ ಗೊತ್ತು ಎಂದರು.

"ಬೇರೇರಿಗೆ ಬರೋ ಹಾಗಿದ್ರೆ ನನ್ನ ಕರೀತಿರ್ಲಿಲ್ಲ ಸಾರ್ ನೀವು."

ಹೊರಗೆ ಟೈಪಿನ ಸದ್ದು ನಿಂತಿತು. ದೇವೀರಪ್ಪನವರು ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ, ಅದಕ್ಕೆ ಒರಗಿ ನಿಂತರು. ಶಿವಮೂರ್ತಪ್ಪನವರು ಬಗ್ಗಿ, ಅವಳ ಕಿವಿಯ ಹತ್ತಿರವೇ, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಕೀಲಿ ಮೇಲೆ ಕೈಯಿಡು. ಅಳಿಸು."

ಜಹೀರುನ್ನೀಸಾ ಎದ್ದು ನಿಂತು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಅಳಿಸಲ್ಲ," ಎಂದಳು.