ಕೊಲ್ಲಾಪುರಮ್ಮನ ಪಾಲಿನ ಕೇಕು

ನಮ್ಮತ್ತೆ ಕೊಲ್ಲಾಪುರಮ್ಮ ಚಳ್ಳಕೆರೆಯ ನಮ್ಮ ಮನೆಗೆ ಬರುವಾಗ ತನ್ನ ರೊಟ್ಟಿ ಗಂಟು ತಾನೇ ತರುತ್ತಾಳೆ, ತನ್ನ ನೀರು ತಾನೇ ತರುತ್ತಾಳೆ. ಮೊಳಕಾಲ್ಮೂರು ಕಡೆಯ ಹಟ್ಟಿಯಿಂದ ಖಾಸಗಿ ಬಸ್ಸಿನಲ್ಲಿ ಐದು ಲೀಟರಿನ ಕ್ಯಾನನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡು ಬಂದು, ಬಾಗಿಲಲ್ಲಿ ಇಳಿಸಿ, ಅದರಲ್ಲೇ ಕುಡಿದು, ಅದರಲ್ಲೇ ಬಾಯಿ ಮುಕ್ಕಳಿಸಿ, ಖಾಲಿ ಮಾಡಿಕೊಂಡು ಹೊರಡುತ್ತಾಳೆ. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಕೈಯ ಒಂದು ಲೋಟ ನೀರು ಆಕೆಯ ಗಂಟಲಿಗೆ ಇಳಿದಿಲ್ಲ. ಬಾಯಿಬಿಟ್ಟು ಹೇಳುತ್ತೇನೆ, ನನಗೆ ಇದರಿಂದ ತುಂಬ ನೋವಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು.

ಕಾರಣ ಕೋಳಿ. ಹಿರಿಯರ ಕಾಲದಿಂದಲೂ ನಮ್ಮ ಜನದ ಹಟ್ಟಿಗಳಲ್ಲಿ ಕುರಿ ಆಗುತ್ತದೆ, ಮೇಕೆ ಆಗುತ್ತದೆ, ಕೋಳಿ ಮಾತ್ರ ಆಗುವುದಿಲ್ಲ. ಸಾಕುವಂತಿಲ್ಲ, ತಿನ್ನುವಂತಿಲ್ಲ, ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ. ನಾನೂ ಅದೇ ಜನದವಳೇ. ಆದರೆ ಹಾಸ್ಟೆಲಿನಲ್ಲಿ ಓದುವಾಗ ಬೇಯಿಸಿದ ಮೊಟ್ಟೆ ತಿಂದು ಬೆಳೆದವಳು, ಮೇಲಾಗಿ ಈಗ ಕೇಕು ಮಾಡಿ ಮಾರುವವಳು. ಅತ್ತೆಯ ಕಣ್ಣಿಗೆ ನಮ್ಮ ಮನೆಯ ಒಂದೊಂದು ಚಮಚವೂ ಕೊಕ್ಕೊಕ್ಕೋ ಎನ್ನುತ್ತಿತ್ತು.

ಕೇಕಿನ ಚಟ ಹಿಡಿದದ್ದು ಮೊಬೈಲಿನಿಂದ. ಮೊದಲನೆಯದನ್ನು ಕುಕ್ಕರಿನಲ್ಲಿಟ್ಟೆ. ಮುಚ್ಚಳದ ರಬ್ಬರ್ ತೆಗೆಯಬೇಕೆಂದು ಆ ವಿಡಿಯೋದ ಹೆಂಗಸು ಹೇಳಿದ್ದಳಂತೆ, ಅಷ್ಟು ಹೊತ್ತಿಗೆ ನಾನು ವಿಡಿಯೋವನ್ನು ಮುಂದಕ್ಕೆ ಓಡಿಸಿಬಿಟ್ಟಿದ್ದೆ. ಬೀದಿಗೆಲ್ಲ ಟೈರು ಸುಟ್ಟ ವಾಸನೆ. ಎರಡನೆಯದಕ್ಕೆ ಬೆಣ್ಣೆ ಯಾಕೆ ದಂಡ ಎಂದು, ಪಕ್ಕದ ಬೀದಿಯ ಗಾಣದಿಂದ ಆಗಷ್ಟೇ ತಂದ ಶೇಂಗಾ ಎಣ್ಣೆ ಸುರಿದೆ. ನಮ್ಮೂರಿನಲ್ಲಿ ಎಣ್ಣೆ ಅಂದರೆ ಶೇಂಗಾ ಎಣ್ಣೆಯೇ, ಬೇರೆ ಎಣ್ಣೆಗೆ ಕೈ ಹೋಗುವುದಿಲ್ಲ. ಕೇಕೇನೋ ಉಬ್ಬಿತು. ನನ್ನ ಗಂಡ ಮಾರುತೇಶ ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, "ಮೆಣಸಿನಕಾಯಿ ಬಜ್ಜಿ ಬಂತು, ಮಂಡಕ್ಕಿ ಎಲ್ಲೈತೆ?" ಎಂದ. ಅವತ್ತು ಅವನಿಗೆ ರಾತ್ರಿ ಊಟಕ್ಕೂ ಅದನ್ನೇ ಬಡಿಸಿದೆ.

ಹಾಗೂ ಹೀಗೂ ಕೈ ಕುದುರಿತು. ಮಾರುತೇಶ ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನವರನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಾನೆ. ಅಲ್ಲಿನ ಮಕ್ಕಳ ಹುಟ್ಟುಹಬ್ಬಕ್ಕೆ ನನ್ನ ಕೇಕು ಅದೇ ವ್ಯಾನಿನಲ್ಲಿ ಹೋಗತೊಡಗಿತು. ಒಮ್ಮೆ ಏಪ್ರಿಲ್ ಬಿಸಿಲಿಗೆ ಕ್ರೀಮು ಕರಗಿ, ಮಗುವಿನ ಹೆಸರು ಜಾರಿ ಡಬ್ಬಿಯ ಮೂಲೆ ಸೇರಿತ್ತು. "ಹೆಸರು ತಲುಪೈತೆ ಸಾರ್, ಒಂಚೂರು ಪಕ್ಕಕ್ಕೈತೆ ಅಷ್ಟೇ," ಎಂದು ಹೇಳಿ ಕೊಟ್ಟು ಬಂದನಂತೆ ಪುಣ್ಯಾತ್ಮ.

ಈ ಸಲ ನಮ್ಮ ಮಗಳು ಸ್ವಪ್ನಳ ಹುಟ್ಟುಹಬ್ಬ. ಒಂದನೇ ಕ್ಲಾಸಿನ ಈ ಪುಟ್ಟಿ ಫೋನಿನಲ್ಲೇ ಅಜ್ಜಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. "ಮೊದಲ್ನೇ ಪೀಸು ನಿಂಗೇ ಅಜ್ಜಿ. ನೀ ತಿನ್ಲಿಲ್ಲ ಅಂದ್ರೆ ನಾನೂ ತಿನ್ನಲ್ಲ."

ಮೊಮ್ಮಗಳ ಮುಂದೆ ಎಂಥ ಅತ್ತೆಯೂ ಮೆತ್ತಗಾಗುತ್ತಾಳೆ. ಕೊಲ್ಲಾಪುರಮ್ಮ ಒಪ್ಪಿದಳು. ಆದರೆ ಷರತ್ತು ಹಾಕಿದಳು. ಪಾತ್ರೆ ಆಕೆಯದು, ಹಿಟ್ಟು ಆಕೆಯದು, ಬೆಲ್ಲ, ತುಪ್ಪ, ಮಜ್ಜಿಗೆ ಎಲ್ಲ ಆಕೆಯವು. ನನ್ನ ಒಲೆ ಬೇಡ, ಅಂಗಳದಲ್ಲಿ ಮೂರು ಕಲ್ಲು ಹೂಡಬೇಕು. ಆಕೆ ಎದುರಿಗೇ ಕೂತು ನೋಡುತ್ತಾಳೆ. ಇಷ್ಟು ಕೇಳಿಸಿಕೊಂಡು ನಾನು ಹಲ್ಲು ಕಚ್ಚಿ, "ಆಗ್ಲಿ ಅತ್ತೆ," ಎಂದೆ. ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಆದರೆ ನನ್ನ ಕೈಯಿಂದ ಆಕೆ ಏನಾದರೂ ತಿನ್ನುವುದಕ್ಕೆ ಇದೊಂದೇ ದಾರಿ ಎಂದು ನನಗೆ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಅತ್ತೆ ಬಸ್ಸಿಳಿದಾಗ ಕ್ಯಾನಿನ ಜೊತೆ ದೊಡ್ಡ ಗಂಟು. ಅದರೊಳಗೆ ದೊಡ್ಡದೊಂದು ಬೋಗುಣಿ, ಚಿಕ್ಕದೊಂದು ಬೋಗುಣಿ, ಮುಚ್ಚಳ, ಚಾಕು, ಕೊನೆಗೆ ಬೆಂಕಿಪೊಟ್ಟಣ. "ಬೆಂಕಿಪೊಟ್ಟಣಾನೂ ತಂದ್ಯೇನವ್ವ?" ಎಂದು ಮಾರುತೇಶ ನಕ್ಕ. "ನಿಮ್ಮನೇದು ಯಾವ್ಯಾವ್ದುಕ್ಕೆ ಗೀಚಿರ್ತೀರೋ ಯಾರಿಗ್ಗೊತ್ತು," ಎಂದಳು ಆಕೆ.

ದೊಡ್ಡ ಬೋಗುಣಿಗೆ ಎದುರು ಮನೆ ಕಟ್ಟುತ್ತಿದ್ದವರಿಂದ ತಂದ ಮರಳು ತುಂಬಿ ಕಾಯಲಿಟ್ಟೆ. ಅತ್ತೆ ಹೊಸ್ತಿಲ ಮೇಲೆ ಕಾಲು ನೀಡಿ ಕೂತು, ಪರೀಕ್ಷೆಗೆ ಬಂದ ಸೂಪರ್‌ವೈಸರ್ ಹಾಗೆ ನನ್ನ ಕೈಯನ್ನೇ ನೋಡುತ್ತಿದ್ದಳು. ಬೆಲ್ಲ ಪುಡಿ ಮಾಡಿದೆ, ನೋಡಿದಳು. ತುಪ್ಪ ಹಾಕಿದೆ, ನೋಡಿದಳು. ಸೋಡಾ ಬಿದ್ದೊಡನೆ ಮಜ್ಜಿಗೆ ಬುಸ್ಸೆಂದು ನೊರೆ ಎದ್ದಾಗ, "ಅಮ್ಮೋ, ಎದ್ಬತ್ತೈತೆ!" ಎಂದು ಕಾಲು ಹಿಂದಕ್ಕೆಳೆದುಕೊಂಡಳು. ಸ್ವಪ್ನ ಬಿದ್ದು ಬಿದ್ದು ನಕ್ಕಳು. ಹಿಟ್ಟು ಕಲಸಿ ಕಲಸಿ ನನ್ನ ರಟ್ಟೆ ಬಿದ್ದುಹೋಯಿತು. ಒಳಗೆ ಹೋಗಿ ಬಂದು ಮತ್ತೆ ಕಲಸಿ, ಬಿಸಿ ಮರಳಿನ ಮೇಲೆ ಚಿಕ್ಕ ಬೋಗುಣಿ ಇಳಿಸಿ, ಮುಚ್ಚಳದ ಮೇಲೆ ಕೆಂಡ ಹರಡಿದೆ.

ಕೇಕು ಬಂತು ನೋಡಿ! ಕ್ಯಾಂಪಸ್ಸಿನವರ ಯಾವ ಕೇಕೂ ಅಷ್ಟು ಚಂದ ಬಂದಿರಲಿಲ್ಲ. ಹಸುವಿನ ತುಪ್ಪದ ಘಮಕ್ಕೆ ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಕತ್ತು ಚಾಚಿದರು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸ್ವಪ್ನ ಹೊಸ ಲಂಗ ಹಾಕಿಕೊಂಡು ಕತ್ತರಿಸಿ, ಮೊದಲ ತುಂಡನ್ನು ಅಜ್ಜಿಯ ಅಂಗೈಗಿಟ್ಟಳು.

ಅತ್ತೆ ಅದನ್ನು ಮೂಸಿ ನೋಡಿದಳು. ಮುಖ ಅರಳಿತು. "ಭೇಷ್ ಕಣಮ್ಮ. ಆ ಸ್ಪ್ರಿಂಗ್ ಸೌಟು ತಂದ್ಯಲ್ಲ ಒಳಗಿಂದ, ಏನ್ ಬಿರ್ರನೆ ತಿರುಗ್ತೈತೆ! ನಮ್ಮ ಕಡಗೋಲು ಅದರ ಮುಂದೆ ಏನೂ ಅಲ್ಲ."

ಒಲೆಯ ಪಕ್ಕದಲ್ಲಿ ಬಿದ್ದಿದ್ದ ಅದನ್ನು ನಾನು ಆಗ ನೋಡಿದೆ.

ಸ್ಪ್ರಿಂಗ್ ಸೌಟು! ನನ್ನ ಬೀಟರ್. ರಟ್ಟೆ ಬಿದ್ದಾಗ ಅಭ್ಯಾಸಬಲದಿಂದ ಅಡುಗೆಮನೆಯ ಮೊಳೆಯಿಂದ ತೆಗೆದುಕೊಂಡು ಬಂದಿದ್ದೆ. ಮೊನ್ನೆಯಷ್ಟೇ ಕ್ಯಾಂಪಸ್ಸಿನ ಆರ್ಡರಿಗೆ ಅದರಲ್ಲೇ ಅರ್ಧ ಡಜನ್ ಮೊಟ್ಟೆ ಕಡೆದಿದ್ದೆ. ಬೋಗುಣಿಯಿಂದ ಬೆಂಕಿಪೊಟ್ಟಣದವರೆಗೆ ಎಲ್ಲ ತಂದಿದ್ದ ಅತ್ತೆಗೆ ಆ ತಂತಿಗೂ ಮೊಟ್ಟೆಗೂ ಏನು ನಂಟು ಎನ್ನುವುದು ಹೊಳೆದೇ ಇರಲಿಲ್ಲ. ಹೊಳೆಯಬೇಕಾದ ನನಗೂ ಹೊಳೆದಿರಲಿಲ್ಲ.

"ಅತ್ತೆ, ಒಂದ್ನಿಮಿಷ. ಸ್ವಪ್ನ, ಅಜ್ಜೀ ಜೊತೆ ಫೋಟೋಕ್ಕೆ ನಿಂತ್ಕೋ," ಎಂದು ಮಾರುತೇಶನನ್ನು ಒಳಗೆಳೆದು ಹೇಳಿದೆ. ಅವನು ಅತ್ತಿತ್ತ ನೋಡಿ, "ತೊಳ್ದಿದ್ದೆ ತಾನೆ? ಸುಮ್ನಿದ್ಬಿಡೇ ನಿರ್ಮಲಾ. ಇಷ್ಟು ವರ್ಷಕ್ಕೆ ಒಂದ್ಸಲ ತಿಂತಾಳೆ," ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಸುಮ್ಮನಿದ್ದರೆ ಆಕೆ ತಿನ್ನುತ್ತಿದ್ದಳು, ನಾನು ಗೆಲ್ಲುತ್ತಿದ್ದೆ. ಸೋಪಿನಲ್ಲಿ ತೊಳೆದು ಬಿಸಿನೀರಲ್ಲಿ ಅದ್ದಿದ ತಂತಿಯಲ್ಲಿ ಏನಿರುತ್ತದೆ? ಏನೂ ಇರುವುದಿಲ್ಲ. ಆದರೆ ಹೊರಗೆ ಬಂದಾಗ ಆಕೆ ಆ ತುಂಡನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಿಡಿದುಕೊಂಡು ನನ್ನನ್ನೇ ಕಾಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ತಿನ್ಬೇಡ್ರಿ," ಎಂದೆ. "ಆ ಸೌಟು ಮೊಟ್ಟೇದು. ತೊಳ್ದಿದ್ದೀನಿ, ಆದ್ರೂ ಮೊಟ್ಟೇದೇ. ಮರೆತು ಹಾಕ್ಬಿಟ್ಟೆ."

ಅತ್ತೆ ತುಂಡನ್ನು ಮೆಲ್ಲಗೆ ತಟ್ಟೆಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ಸ್ವಪ್ನಳ ತುಟಿ ಅಳುವುದಕ್ಕೆ ಸಿದ್ಧವಾಯಿತು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಯಂಕಾಲದ ಬಸ್ಸಿನವರೆಗೂ ಈಕೆ ನಿಲ್ಲುವುದಿಲ್ಲ, ಇನ್ನು ಈ ಕಡೆ ತಲೆಯನ್ನೂ ಹಾಕುವುದಿಲ್ಲ ಎಂದುಕೊಂಡೆ.

ಆಕೆ ಮಗನ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತೇನೋ?"

ಮಾರುತೇಶ ಅಂಗಳದಲ್ಲಿ ನಿಂತು ಇಲ್ಲದ ಫ್ಯಾನು ನೋಡಿದ.

"ಹೊಟ್ಟೇಲಿ ಹುಟ್ಟಿದೋನು ಬಾಯಿ ಹೊಲ್ಕೊಂಡು ನಿಂತವ್ನೆ," ಎಂದಳು ಅತ್ತೆ. "ಅವಳು ಹೇಳಿದ್ಲು." ಆಮೇಲೆ ಮೊಮ್ಮಗಳ ಗಲ್ಲ ಹಿಡಿದು, "ನೀ ತಿನ್ನವ್ವ, ನಿಂಗೇನೂ ಇಲ್ಲ. ಮುಂದಿನ ವಾರ ಇನ್ನೊಂದ್ಸಲ ಹುಟ್ಟಿದ್ ಹಬ್ಬ ಮಾಡಾನ. ನಾನು ಕಡಗೋಲು ತರ್ತೀನಿ," ಎಂದಳು. ವರ್ಷಕ್ಕೆ ಎರಡು ಹುಟ್ಟುಹಬ್ಬ ಸಿಗುವ ಸುದ್ದಿ ಕೇಳಿ ಸ್ವಪ್ನಳ ಅಳು ಬಂದ ದಾರಿಯಲ್ಲೇ ಹಿಂದಿರುಗಿತು. ಆ ಮೊದಲ ತುಂಡನ್ನು ತಾನೇ ಗುಳುಂ ಮಾಡಿದಳು.

ಅತ್ತೆ ಎದ್ದು ತನ್ನ ಕ್ಯಾನು ಎತ್ತಿಕೊಂಡಳು. ಹೊರಟೇಬಿಟ್ಟಳು ಎಂದು ನಾನು ಚಪ್ಪಲಿಯ ಕಡೆ ನೋಡಿದೆ. ಆಕೆ ನೆಟ್ಟಗೆ ಕರಿಬೇವಿನ ಗಿಡದ ಹತ್ತಿರ ಹೋಗಿ, ಮುಚ್ಚಳ ತಿರುಗಿಸಿ, ಅರ್ಧಕ್ಕಿಂತ ಹೆಚ್ಚಿದ್ದ ಹಟ್ಟಿಯ ನೀರನ್ನೆಲ್ಲ ಬುಡಕ್ಕೆ ಸುರಿದಳು.

"ಬಾಯಾರಿಕೆ ಆಗೈತೆ ನಿರ್ಮಲಾ," ಎಂದಳು. "ಮೊಟ್ಟೆ ಮುಟ್ಟದೇ ಇರೋ ಚೊಂಬು ನಿಮ್ಮನೇಲಿ ಯಾವ್ದೈತೆ?"

"ದೇವರ ಮುಂದಿಂದು ಐತೆ ಅತ್ತೆ. ಅದನ್ನ ಯಾವ್ದಕ್ಕೂ ಮುಟ್ಸಿಲ್ಲ."

"ನಾನೇನೂ ಬಂದು ನೋಡಲ್ಲ. ನೀ ಹೇಳಿದ್ ಮೇಲೆ ಆಯ್ತು. ತುಂಬ್ಕೊಂಡ್ ಬಾ."

ಚೊಂಬು ತುಂಬಿಕೊಂಡು ಬಂದು ಕೊಟ್ಟೆ. ಆಕೆ ಕತ್ತೆತ್ತಿ, ಚೊಂಬನ್ನು ಬಾಯಿಗೆ ಮುಟ್ಟಿಸದೆ, ಗಟಗಟನೆ ತಳ ಕಾಣುವವರೆಗೂ ಕುಡಿದಳು. ನಾನು ಅಳುತ್ತಾ ನಿಂತಿದ್ದೆ. ಬಾಯೊರೆಸಿಕೊಂಡು ಚೊಂಬನ್ನು ನನ್ನ ಕೈಗಿಟ್ಟು, ಮುಖ ಕಿವುಚಿದಳು.

"ಥೂ, ಇಷ್ಟು ಉಪ್ಪುನೀರಾ ಇಷ್ಟು ವರ್ಷ ನೀವು ಕುಡಿದಿದ್ದು? ಇನ್ನೊಂದ್ ಚೊಂಬು ತಾ."